ದುರ್ಗದ ಮದ್ದು, ಮಾರಿಕಣಿವೆಯ ಸುಣ್ಣ: ರಾಸಾಯನಿಕ ಸಮೀಕರಣ ಕಲಿಯುವ ಬಗೆ



ಈ ದತ್ತಿ ಉಪನ್ಯಾಸದ ಸಭೆಯಲ್ಲಿ ಕರಿಹಲಗೆ ಇಲ್ಲ. ಆದ್ದರಿಂದ ಸೂತ್ರಗಳನ್ನೆಲ್ಲ ಬಾಯಿಮಾತಿನಲ್ಲೇ ಹೇಳುತ್ತೇನೆ. ನೋಟ್‌ಬುಕ್ ತಂದಿರುವ ಮಕ್ಕಳು ಬರೆದುಕೊಂಡು ನನ್ನ ಲೆಕ್ಕವನ್ನು ತಾಳೆ ನೋಡುತ್ತಾ ಬರಲಿ.

ಚಿತ್ರದುರ್ಗದ ಕೋಟೆ ಹತ್ತಿದವರೆಲ್ಲ ಮದ್ದು ಬೀಸುವ ಕಲ್ಲುಗಳನ್ನು ನೋಡಿರುತ್ತೀರಿ. ತಗ್ಗಿನೊಳಗೆ ನಿಂತಿರುವ ಭಾರಿ ಕಲ್ಲುಗಳು. ಬಂದವರು ಅಲ್ಲಿ ಫೋಟೊ ತೆಗೆಸಿಕೊಂಡು ಮುಂದಿನ ಬಾಗಿಲಿಗೆ ಹೋಗುತ್ತಾರೆ. ನಾನು ಹತ್ತನೇ ತರಗತಿಯ ಮಕ್ಕಳನ್ನು ಕರೆದುಕೊಂಡು ಹೋದಾಗಲೆಲ್ಲ ಅಲ್ಲೇ ಕೂರಿಸಿ ಒಂದು ಪ್ರಶ್ನೆ ಕೇಳುತ್ತಿದ್ದೆ. ಅರೆದ ಮದ್ದನ್ನು ಫಿರಂಗಿಯ ನಳಿಗೆಯೊಳಗೆ ಗಟ್ಟಿಯಾಗಿ ತುರುಕಿ, ಅದರ ಮುಂದೆ ಗುಂಡು ಜಡಿಯುತ್ತಿದ್ದರು. ಒಳಗೆ ಗಾಳಿ ಆಡುವುದಕ್ಕೆ ಜಾಗವೇ ಇಲ್ಲ. ಗಾಳಿ ಇಲ್ಲದೆ ಬೆಂಕಿ ಹೇಗೆ ಹತ್ತಿತು?

ಒಲೆ ಊದಿ ಗೊತ್ತಿರುವ ಮಕ್ಕಳಿಗೆ ಈ ಪ್ರಶ್ನೆ ತಕ್ಷಣ ನಾಟುತ್ತದೆ. ಉತ್ತರ ಇರುವುದು ಪೆಟ್ಲುಪ್ಪಿನಲ್ಲಿ. ಸಿಡಿಮದ್ದು ಎಂದರೆ ಪೆಟ್ಲುಪ್ಪು, ಇದ್ದಿಲು, ಗಂಧಕ ಈ ಮೂರರ ಮಿಶ್ರಣ. ಪೆಟ್ಲುಪ್ಪಿನ ರಾಸಾಯನಿಕ ಹೆಸರು ಪೊಟ್ಯಾಸಿಯಂ ನೈಟ್ರೇಟ್. ಅದರ ಒಂದು ಘಟಕದಲ್ಲಿ ಒಂದು ಪೊಟ್ಯಾಸಿಯಂ, ಒಂದು ನೈಟ್ರೋಜನ್, ಮೂರು ಆಕ್ಸಿಜನ್. ಉರಿಯುವುದಕ್ಕೆ ಬೇಕಾದ ಆಕ್ಸಿಜನ್ನನ್ನು ಮದ್ದು ತನ್ನ ಹೊಟ್ಟೆಯಲ್ಲೇ ಹೊತ್ತಿರುತ್ತದೆ. ಈಗ ಇದರ ಸಮೀಕರಣ ಬರೆಯೋಣ. ಎಡಕ್ಕೆ ಪೆಟ್ಲುಪ್ಪು, ಗಂಧಕ, ಇಂಗಾಲ. ಬಲಕ್ಕೆ ಪೊಟ್ಯಾಸಿಯಂ ಸಲ್ಫೈಡ್, ನೈಟ್ರೋಜನ್ ಅನಿಲ, ಕಾರ್ಬನ್ ಡೈಆಕ್ಸೈಡ್. ಪೊಟ್ಯಾಸಿಯಂ ಸಲ್ಫೈಡಿನಲ್ಲಿ ಎರಡು ಪೊಟ್ಯಾಸಿಯಂ ಇವೆ, ಒಂದು ಗಂಧಕ ಇದೆ. ಬಲಗಡೆ ಎರಡು ಪೊಟ್ಯಾಸಿಯಂ ಇದ್ದ ಮೇಲೆ ಎಡಗಡೆ ಎರಡು ಪೆಟ್ಲುಪ್ಪು ಬೇಕೇ ಬೇಕು. ಎರಡು ಪೆಟ್ಲುಪ್ಪು ಬಂದರೆ ಅದರ ಜೊತೆಗೆ ಎರಡು ನೈಟ್ರೋಜನ್ ಬಂದವು. ಅವು ಜೋಡಿಯಾಗಿ ಒಂದು ಅಣು ನೈಟ್ರೋಜನ್ ಅನಿಲವಾಗಿ ಹೊರಟವು. ಆರು ಆಕ್ಸಿಜನ್ ಉಳಿದವು. ಒಂದೊಂದು ಕಾರ್ಬನ್ ಡೈಆಕ್ಸೈಡಿಗೆ ಎರಡರಂತೆ ಮೂರು ಅಣುಗಳಿಗೆ ಸಾಕಾಯಿತು. ಹಾಗಾದರೆ ಇಂಗಾಲ ಮೂರು. ಗಂಧಕ ಒಂದೇ. ಎಲ್ಲಿಯೂ ಊಹೆ ಮಾಡಲಿಲ್ಲ, ಒಂದು ಎಳೆ ಹಿಡಿದದ್ದಕ್ಕೆ ಇಡೀ ಲೆಕ್ಕ ಬಿಚ್ಚಿಕೊಂಡಿತು.

ಇಲ್ಲಿಗೇ ಬಿಟ್ಟರೆ ಅದು ಪರೀಕ್ಷೆಯ ಎರಡು ಅಂಕದ ಉತ್ತರ. ಮಕ್ಕಳಿಗೆ ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ತೂಕ ಹಾಕಿಸುತ್ತಿದ್ದೆ. ಎರಡು ಪೆಟ್ಲುಪ್ಪಿನ ಭಾರ 202, ಗಂಧಕದ್ದು 32, ಮೂರು ಇಂಗಾಲದ್ದು 36. ಒಟ್ಟು 270. ಶೇಕಡಾವಾರು ತೆಗೆದರೆ ಪೆಟ್ಲುಪ್ಪು ಸುಮಾರು 75, ಇಂಗಾಲ 13, ಗಂಧಕ 12. ಪರಮಾಣು ತೂಕ ಎಂಬ ಮಾತೇ ಹುಟ್ಟದಿದ್ದ ಕಾಲದಲ್ಲಿ, ಮದ್ದು ಮಾಡುವವರು ತಲೆಮಾರುಗಟ್ಟಲೆ ಸುಟ್ಟು, ನೋಡಿ, ತಿದ್ದಿ, ಯುರೋಪಿನಲ್ಲಿ ಕೊನೆಗೆ ನೆಲೆ ನಿಂತ ಪಾಕ 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ. ಇದ್ದಿಲಿನಲ್ಲಿ ಇಂಗಾಲದ ಜೊತೆಗೆ ಬೇರೆಯದೂ ಇರುತ್ತದೆ ಎಂಬುದನ್ನು ನೆನಪಿಟ್ಟರೆ ಎರಡು ಲೆಕ್ಕಗಳೂ ಬಹಳ ಹತ್ತಿರ. ಕಾಗದದ ಮೇಲೆ ಎಡಬಲ ಸರಿ ಮಾಡಿದ ಹುಡುಗಿ, ಮದ್ದಿನ ಮನೆಯವರು ತಲೆಮಾರುಗಳಲ್ಲಿ ಕಂಡುಕೊಂಡ ಪ್ರಮಾಣದ ಹತ್ತಿರಕ್ಕೆ ಹತ್ತು ನಿಮಿಷದಲ್ಲಿ ಬಂದು ನಿಂತಳು. ಇದನ್ನು ತೋರಿಸದೆ ಸಮೀಕರಣ ಕಲಿಸುವುದು ಮಕ್ಕಳಿಗೆ ಮಾಡುವ ಅನ್ಯಾಯ ಎಂದೇ ನನ್ನ ಭಾವನೆ.

ಒಂದು ಕಾಲಾನುಕ್ರಮವನ್ನು ನೋಡಿ. ರಾಸಾಯನಿಕ ಕ್ರಿಯೆಯಲ್ಲಿ ಏನೂ ಹುಟ್ಟುವುದಿಲ್ಲ, ಏನೂ ಸಾಯುವುದಿಲ್ಲ, ಹಾಕಿದ್ದೆಷ್ಟೋ ಬಂದದ್ದೂ ಅಷ್ಟೇ ಎಂದು ತಕ್ಕಡಿ ಹಿಡಿದು ಸ್ಥಾಪಿಸಿದ ಫ್ರಾನ್ಸಿನ ಲವಾಸಿಯೆ, 1775ರಲ್ಲಿ ಆ ದೇಶದ ಸಿಡಿಮದ್ದಿನ ಆಡಳಿತಕ್ಕೆ ನೇಮಕಗೊಂಡವರಲ್ಲಿ ಒಬ್ಬರು. ಪ್ಯಾರಿಸ್ಸಿನ ಮದ್ದಿನ ಉಗ್ರಾಣದಲ್ಲೇ ಅವರ ಮನೆ, ಅಲ್ಲೇ ಅವರ ಪ್ರಯೋಗಶಾಲೆ. ಅದಾಗಿ ನಾಲ್ಕು ವರ್ಷಕ್ಕೆ, 1779ರಲ್ಲಿ, ನಮ್ಮ ಮದಕರಿ ನಾಯಕರ ದುರ್ಗ ಹೈದರಾಲಿಯ ವಶವಾಯಿತು. ಇಲ್ಲಿ ಮದ್ದು ಅರೆಯುತ್ತಿದ್ದ ಹೊತ್ತಿಗೆ ಅಲ್ಲಿ ಒಬ್ಬರು ಅದೇ ಮದ್ದಿನ ಉಸ್ತುವಾರಿ ನೋಡುತ್ತಾ, ಉರಿಯುವುದೆಂದರೆ ಆಕ್ಸಿಜನ್ನಿನೊಡನೆ ಕೂಡುವುದು ಎಂದು ತಿಳಿಯುತ್ತಿದ್ದರು. 1789ರಲ್ಲಿ ಅಚ್ಚಾದ ಅವರ ಪಠ್ಯದಲ್ಲಿ ದ್ರಾಕ್ಷಿರಸ ಹುಳಿಯುವುದನ್ನು ವಿವರಿಸುವಾಗ, ಒಂದು ಕಡೆ ದ್ರಾಕ್ಷಿರಸ, ಇನ್ನೊಂದು ಕಡೆ ಕಾರ್ಬಾನಿಕ್ ಆಮ್ಲ ಮತ್ತು ಮದ್ಯಸಾರ, ನಡುವೆ ಸಮ ಚಿಹ್ನೆ ಹಾಕಿದ್ದಾರೆ. ಇವತ್ತು ನಮ್ಮ ಮಕ್ಕಳು ಬರೆಯುವ ಸಾಲಿನ ಮುತ್ತಜ್ಜ ಅದು. 1794ರಲ್ಲಿ ಅವರ ತಲೆ ಕಡಿದರು. ಧಾತುಗಳಿಗೆ ಒಂದೆರಡು ಅಕ್ಷರದ ಸಂಕೇತ ಕೊಡುವ ಪದ್ಧತಿಯನ್ನು ಸ್ವೀಡನ್ನಿನ ಬರ್ಜೀಲಿಯಸ್ 1813-14ರ ಹೊತ್ತಿಗೆ ತಂದರು. ಅಂದರೆ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದ ಮೊದಲ ಅಧ್ಯಾಯದಲ್ಲಿ ನಾವು ಜೂನ್ ತಿಂಗಳಲ್ಲಿ ಮುಗಿಸಿಬಿಡುವ ವಿಷಯಕ್ಕೆ, ಜಗತ್ತಿನ ಬಹಳ ಬುದ್ಧಿವಂತ ಜನರಿಗೆ ನೂರಾರು ವರ್ಷ ಹಿಡಿದಿದೆ. ಮಗುವಿಗೆ ಎರಡು ವಾರ ಜಾಸ್ತಿ ಹಿಡಿದರೆ ಗದರಬೇಡಿ.

ಈಗ ತರಗತಿಗೆ ಬರೋಣ. ಎಲ್ಲ ಶಾಲೆಗಳಲ್ಲೂ ಕಾಣುವ ಒಂದು ಉತ್ತರವನ್ನು ಹತ್ತಿರದಿಂದ ನೋಡೋಣ. ಹೈಡ್ರೋಜನ್ ಮತ್ತು ಆಕ್ಸಿಜನ್ ಸೇರಿ ನೀರು. ಎಡಗಡೆ ಹೈಡ್ರೋಜನ್ ಎರಡು, ಆಕ್ಸಿಜನ್ ಎರಡು. ಬಲಗಡೆ ನೀರಿನಲ್ಲಿ ಹೈಡ್ರೋಜನ್ ಎರಡು, ಆಕ್ಸಿಜನ್ ಒಂದು. ಆಕ್ಸಿಜನ್ ಒಂದು ಕಡಿಮೆ ಬಿತ್ತು. ಹುಡುಗ ಸ್ವಲ್ಪ ಹೊತ್ತು ಪೆನ್ಸಿಲ್ ಕಚ್ಚುತ್ತಾನೆ. ಆಮೇಲೆ ನೀರಿನ ಸೂತ್ರದ ಕೊನೆಯಲ್ಲಿ, ಆಕ್ಸಿಜನ್ನಿನ ಕಾಲಿನ ಹತ್ತಿರ, ಪುಟ್ಟದಾಗಿ ಒಂದು 2 ಬರೆಯುತ್ತಾನೆ. ಎಣಿಸಿ ನೋಡುತ್ತಾನೆ. ಎರಡಕ್ಕೆ ಎರಡು, ಎರಡಕ್ಕೆ ಎರಡು. ಸರಿಹೋಯಿತು ಎಂದು ಸಂತೋಷದಿಂದ ತಂದು ತೋರಿಸುತ್ತಾನೆ.

ಲೆಕ್ಕ ಸರಿ ಇದೆ. ಆದರೆ ಅವನ ಪುಸ್ತಕದಲ್ಲಿ ಈಗ ನೀರಿಲ್ಲ. ಗಾಯ ತೊಳೆಯುವ ಹೈಡ್ರೋಜನ್ ಪೆರಾಕ್ಸೈಡ್ ಇದೆ. ಗಟ್ಟಿಯಾದ ಪೆರಾಕ್ಸೈಡ್ ಕುಡಿದರೆ ಕರುಳು ಸುಡುತ್ತದೆ. ಅವನು ತಿದ್ದಿದ್ದು ಒಂದು ಅಂಕಿಯನ್ನಲ್ಲ, ವಸ್ತುವನ್ನೇ.

ಇದನ್ನು ತಪ್ಪು ಗುರುತು ಹಾಕಿ ಮುಗಿಸುವವರು ಬಹಳ. ನಾನು ಭೀಮಸಮುದ್ರದ ಅಡಿಕೆ ಮಂಡಿಯ ಲೆಕ್ಕ ಹೇಳುತ್ತಿದ್ದೆ. ಆ ಕಡೆಯ ಮಕ್ಕಳಿಗೆ ಅದು ಮನೆಯ ಮಾತು. ಪ್ರತಿ ಮೂಟೆಯಲ್ಲಿ ಇಂತಿಷ್ಟು ಅಡಿಕೆ ಎಂದು ತೂಗಿ, ಹೊಲಿದು, ಮೊಹರು ಹಾಕಿ ಆಗಿದೆ. ಸಂಜೆ ಲೆಕ್ಕ ಕೂಡದಿದ್ದರೆ ಗುಮಾಸ್ತ ಮೂಟೆ ಬಿಚ್ಚಿ ಎರಡು ಹಿಡಿ ಹೆಚ್ಚು ಹಾಕುವ ಹಾಗಿಲ್ಲ. ಎಷ್ಟು ಮೂಟೆ ಬಂತು, ಎಷ್ಟು ಮೂಟೆ ಹೋಯಿತು ಎಂದು ಮಾತ್ರ ಎಣಿಸಬಹುದು. ಸೂತ್ರದ ಕಾಲಲ್ಲಿ ಇರುವ ಚಿಕ್ಕ ಅಂಕಿ ಮೂಟೆಯ ಒಳಗಿನದು, ಅದನ್ನು ಹೊಲಿದದ್ದು ಪ್ರಕೃತಿ. ಸೂತ್ರದ ತಲೆಯಲ್ಲಿ ಬರೆಯುವ ದೊಡ್ಡ ಅಂಕಿ ಮೂಟೆಗಳ ಸಂಖ್ಯೆ, ಅದು ಮಾತ್ರ ನಮ್ಮ ಕೈಯಲ್ಲಿರುವುದು. ಎರಡು ಹೈಡ್ರೋಜನ್ ಅಣು, ಒಂದು ಆಕ್ಸಿಜನ್ ಅಣು, ಎರಡು ನೀರು. ಸೂತ್ರ ಮುಟ್ಟಲಿಲ್ಲ, ಲೆಕ್ಕ ಕೂಡಿತು.

ಹೀಗೆ ಹೇಳಿ ಮುಗಿಸುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಂದು ಹುಡುಗಿ ಎದ್ದು, "ಸಾರ್, ಎಡಗಡೆ ಮೂರು ಐತೆ, ಬಲಗಡೆ ಎರಡೇ ಐತೆ. ಒಂದು ಎಲ್ಲಿ ಹೋಯ್ತು?" ಎಂದು ಕೇಳಿದಳು. ಇಡೀ ಅಧ್ಯಾಯದಲ್ಲಿ ಇದಕ್ಕಿಂತ ಒಳ್ಳೆಯ ಪ್ರಶ್ನೆ ಇಲ್ಲ. "ಎಲ್ಲೂ ಹೋಗಲಿಲ್ಲಮ್ಮ, ಕೂಡಿಕೊಂಡವು" ಎಂದು ಹೇಳಿ, ಹುಣಸೆ ಬೀಜವನ್ನೂ ಕಡಲೆಯನ್ನೂ ಮೇಜಿನ ಮೇಲೆ ಹರಡಿ, ಅವಳ ಕೈಯಿಂದಲೇ ಗುಂಪು ಮಾಡಿಸಿದೆ. ನಾಲ್ಕು ಹುಣಸೆ ಬೀಜ, ಎರಡು ಕಡಲೆ. ಹೇಗೆ ಗುಂಪು ಮಾಡಿದರೂ ಬೀಜ ನಾಲ್ಕೇ, ಕಡಲೆ ಎರಡೇ. ಗುಂಪುಗಳ ಸಂಖ್ಯೆ ಬದಲಾಗಬಹುದು, ಪರಮಾಣುಗಳ ಸಂಖ್ಯೆ ಬದಲಾಗಲಾರದು. ಅಣುಗಳನ್ನು ಎಣಿಸುವುದಕ್ಕೂ ಪರಮಾಣುಗಳನ್ನು ಎಣಿಸುವುದಕ್ಕೂ ಇರುವ ಈ ವ್ಯತ್ಯಾಸ ತಲೆಗೆ ಹೋಗದ ಮಗು ಎಷ್ಟು ಸಮೀಕರಣ ಬಿಡಿಸಿದರೂ ಅದು ಬರೀ ಅಂಕಿಯಾಟ.

ಇದು ನಮ್ಮ ಮಕ್ಕಳ ಕೊರತೆ ಮಾತ್ರವಲ್ಲ. 1985ರಲ್ಲಿ ಯಾರೋಕ್ ಎಂಬ ಸಂಶೋಧಕ ಅಮೆರಿಕದ ಪ್ರೌಢಶಾಲಾ ವಿದ್ಯಾರ್ಥಿಗಳ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಸಮೀಕರಣವನ್ನು ಸರಿಯಾಗಿ ಸರಿದೂಗಿಸಿದ ಮಕ್ಕಳಲ್ಲೇ ಹಲವರಿಗೆ ಅದರ ಚಿತ್ರ ಬಿಡಿಸಲು ಬರಲಿಲ್ಲ. ಮೂರು ಅಣು ಹೈಡ್ರೋಜನ್ ಎಂದರೆ ಎರಡೆರಡರ ಮೂರು ಜೋಡಿ ಎನ್ನುವುದರ ಬದಲು, ಆರನ್ನೂ ಒಂದಕ್ಕೊಂದು ಅಂಟಿಸಿ ಬರೆದವರಿದ್ದರು. ಅಂಕ ಸಿಕ್ಕಿತ್ತು, ತಿಳಿವಳಿಕೆ ಸಿಕ್ಕಿರಲಿಲ್ಲ. ಆದ್ದರಿಂದ ಅಧ್ಯಾಪಕ ಮಿತ್ರರಲ್ಲಿ ನನ್ನದೊಂದು ಬೇಡಿಕೆ: ಕಿರುಪರೀಕ್ಷೆಯಲ್ಲಿ ಐದು ಸಮೀಕರಣ ಕೊಡುವ ಬದಲು ಎರಡು ಕೊಡಿ, ಎರಡಕ್ಕೂ ಚಿತ್ರ ಬರೆಸಿ.

ಕಬ್ಬಿಣಕ್ಕೆ ಬರುತ್ತೇನೆ. ಭೀಮಸಮುದ್ರದ ಆಚೆ ಈಚೆ, ಹೊಸದುರ್ಗದ ಗುಡ್ಡಗಳಲ್ಲಿ ಕೆಂಪು ಅದಿರು ಕಂಡವರು ನೀವು. ಅದರ ಮುಖ್ಯ ಖನಿಜದಲ್ಲಿ ಎರಡು ಕಬ್ಬಿಣಕ್ಕೆ ಮೂರು ಆಕ್ಸಿಜನ್. ಕುಲುಮೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಆ ಆಕ್ಸಿಜನ್ನನ್ನು ಕಿತ್ತುಕೊಂಡು ಡೈಆಕ್ಸೈಡ್ ಆಗುತ್ತದೆ. ಎಡಗಡೆ ಆಕ್ಸಿಜನ್ ಎರಡು ವಸ್ತುಗಳಲ್ಲಿ ಬರುವುದರಿಂದ ಮಕ್ಕಳು ಇಲ್ಲಿ ತಡವರಿಸುತ್ತಾರೆ, ಅಂಕಿ ಹಾಕಿ ಅಳಿಸಿ ಸುಸ್ತಾಗುತ್ತಾರೆ. ಆದರೆ ಏನು ನಡೆಯುತ್ತಿದೆ ಎಂದು ಯೋಚಿಸಿದರೆ ಒಂದೇ ಮಾತು. ಅದಿರಿನಿಂದ ಮೂರು ಆಕ್ಸಿಜನ್ ಕಳಚಬೇಕು, ಒಂದು ಮಾನಾಕ್ಸೈಡ್ ಒಂದನ್ನೇ ಹೊರಬಲ್ಲದು, ಹಾಗಾದರೆ ಮೂರು ಮಾನಾಕ್ಸೈಡ್. ಮುಗಿಯಿತು. ನೇರವಾಗಿ ಇದ್ದಿಲಿನ ಇಂಗಾಲವೇ ಆಕ್ಸಿಜನ್ ಒಯ್ಯುತ್ತದೆ ಎಂದು ಬರೆದರೆ ಮೂರು ಮತ್ತು ಎರಡರ ಲ.ಸಾ.ಅ. ಆರು ಬೇಕಾಗುತ್ತದೆ: ಎರಡು ಅದಿರು, ಮೂರು ಇಂಗಾಲ, ನಾಲ್ಕು ಕಬ್ಬಿಣ, ಮೂರು ಡೈಆಕ್ಸೈಡ್. ಕ್ರಿಯೆ ಗೊತ್ತಿದ್ದವನಿಗೆ ಅಂಕಿ ಹಿಂದೆಯೇ ಬರುತ್ತದೆ.

ಇನ್ನು ಸುಣ್ಣ. ನನ್ನ ಮಟ್ಟಿಗೆ ಈ ಅಧ್ಯಾಯವನ್ನು ಕಲಿಸಲು ಸುಣ್ಣದಷ್ಟು ಒಳ್ಳೆಯ ಮೇಷ್ಟ್ರು ಇನ್ನೊಬ್ಬರಿಲ್ಲ. ಸುಣ್ಣದಕಲ್ಲನ್ನು ಗೂಡಿನಲ್ಲಿ ಸುಡುತ್ತಾರೆ. ಸುಟ್ಟು ತೆಗೆದ ಕಲ್ಲನ್ನು ಕೈಗೆತ್ತಿಕೊಂಡು ನೋಡಿದವರಿಗೆ ಗೊತ್ತು, ಗಾತ್ರ ಹೆಚ್ಚುಕಡಿಮೆ ಹಾಗೇ ಇರುತ್ತದೆ, ಆದರೆ ಕಲ್ಲು ಹಗುರವಾಗಿ ಎತ್ತಿಬರುತ್ತದೆ. ಎಷ್ಟು ಹಗುರ ಎಂಬುದನ್ನು ಸಮೀಕರಣ ಹೇಳುತ್ತದೆ. ಶುದ್ಧ ಕಲ್ಲು 100 ಕೆ.ಜಿ. ಹಾಕಿದರೆ 56 ಕೆ.ಜಿ. ಸುಟ್ಟಸುಣ್ಣ, 44 ಕೆ.ಜಿ. ಕಾರ್ಬನ್ ಡೈಆಕ್ಸೈಡ್. ಆ 44 ಕೆ.ಜಿ. ಗಾಳಿಗೆ ಹೋಯಿತು. ಸುಟ್ಟಸುಣ್ಣಕ್ಕೆ ನೀರು ಹೊಯ್ದರೆ ಭುಸುಗುಟ್ಟಿ, ಬಿಸಿಯಾಗಿ, ಅರಳುತ್ತದೆ. ಅರಳುವುದಕ್ಕೆ 18 ಕೆ.ಜಿ. ನೀರು ಒಳಕ್ಕೆ ಹೋಗಿ 74 ಕೆ.ಜಿ. ಅರಳಿದ ಸುಣ್ಣವಾಯಿತು. ಗೋಡೆಗೆ ಬಳಿದ ಮೇಲೆ ಅದು ಗಾಳಿಯಿಂದ ಅದೇ 44 ಕೆ.ಜಿ. ಕಾರ್ಬನ್ ಡೈಆಕ್ಸೈಡನ್ನು ನಿಧಾನವಾಗಿ ಹಿಂದಕ್ಕೆ ಎಳೆದುಕೊಂಡು, 18 ಕೆ.ಜಿ. ನೀರನ್ನು ಹೊರಕ್ಕೆ ಬಿಟ್ಟು, ಮತ್ತೆ 100 ಕೆ.ಜಿ. ಕಲ್ಲಾಗುತ್ತದೆ. ಮೂರು ಸಮೀಕರಣ, ಮೂರರಲ್ಲೂ ಎಲ್ಲದರ ಮುಂದೆ ಒಂದೊಂದೇ. ಸರಿದೂಗಿಸುವ ಕಷ್ಟವೇ ಇಲ್ಲ. ಆದರೂ ಈ ಮೂರನ್ನು ಒಟ್ಟಿಗೆ ಕೂಡಿಸಿ, ಎಡಬಲದಲ್ಲಿ ಇರುವುದನ್ನೆಲ್ಲ ಹೊಡೆದುಹಾಕಿದಾಗ ಏನೂ ಉಳಿಯದಿರುವುದನ್ನು ಕಂಡು ಮಕ್ಕಳು ಬೆರಗಾಗುತ್ತಾರೆ. ಗುಡ್ಡದ ಕಲ್ಲು ಗೋಡೆಯ ಕಲ್ಲಾಯಿತು. ನಡುವೆ ಮನುಷ್ಯನಿಗೆ ಅದನ್ನು ಬೇಕಾದ ಆಕಾರಕ್ಕೆ ತರಲು ಅವಕಾಶ ಸಿಕ್ಕಿತು, ಅಷ್ಟೆ.

ಹಿರಿಯೂರಿನವರು ಈಗ ಮಾರಿಕಣಿವೆಯ ಮಾತು ಬರುತ್ತದೆ ಎಂದು ಕಾಯುತ್ತಿರಬಹುದು. ಅಲ್ಲಿ ವೇದಾವತಿಗೆ ಅಡ್ಡಲಾಗಿ ಕಟ್ಟಿ 1907ರಲ್ಲಿ ಮುಗಿಸಿದ ವಾಣಿವಿಲಾಸ ಸಾಗರದ ಅಣೆಕಟ್ಟು, ಕಲ್ಲು ಮತ್ತು ಸುಣ್ಣದ ಗಾರೆಯ ಕಟ್ಟಡ. ಗಾರೆಗೆ ಸುರ್ಕಿ, ಅಂದರೆ ಸುಟ್ಟ ಇಟ್ಟಿಗೆಯ ಪುಡಿ ಬೆರೆಸಿದ್ದಾರೆ. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಜನ ಬಸ್ಸು, ಟ್ರ್ಯಾಕ್ಟರ್ ಮಾಡಿಕೊಂಡು ಹೋಗಿ ನೋಡಿ ಬಂದರು. ಅಷ್ಟು ವರ್ಷ ಕಳೆದರೂ ಕಟ್ಟೆ ಮಿಸುಕಲಿಲ್ಲ.

ಇಲ್ಲಿ ಒಂದು ತೊಡಕಿದೆ. ಈಗ ತಾನೇ ಹೇಳಿದ ಸಮೀಕರಣದ ಪ್ರಕಾರ ಗಾರೆ ಗಟ್ಟಿಯಾಗಲು ಗಾಳಿ ಬೇಕು. ಅಷ್ಟು ದಪ್ಪದ ಕಟ್ಟೆಯ ನಡುವಿಗೆ ಗಾಳಿ ಎಲ್ಲಿಂದ ಹೋಗಬೇಕು? ಅದೂ ಒಂದು ಪಕ್ಕ ಸದಾ ನೀರು. ಸುಂದರವಾಗಿ ಸರಿದೂಗಿದ ನಮ್ಮ ಸಮೀಕರಣ ಮನೆಯ ಗೋಡೆಗೆ ನಿಜ, ಅಣೆಕಟ್ಟಿನ ಒಡಲಿಗೆ ನಿಜವಲ್ಲ. ಅಲ್ಲಿ ಕೆಲಸ ಮಾಡಿದ್ದು ಸುರ್ಕಿ. ಸುಟ್ಟ ಜೇಡಿಯ ಸಿಲಿಕಾ ಮತ್ತು ಅಲ್ಯೂಮಿನಾ, ಅರಳಿದ ಸುಣ್ಣದ ಜೊತೆ, ನೀರಿನ ಸಮ್ಮುಖದಲ್ಲೇ ಕೂಡಿ ಗಟ್ಟಿ ಬೆಸುಗೆಯಾಗುತ್ತದೆ. ಇದಕ್ಕೆ ಗಾಳಿ ಬೇಡ, ನೀರೊಳಗೂ ಗಟ್ಟಿಯಾಗುತ್ತದೆ. ಹೀಗೆ ಉಂಟಾಗುವ ಜಲಯುಕ್ತ ಕ್ಯಾಲ್ಸಿಯಂ ಸಿಲಿಕೇಟಿಗೆ ಒಂದು ನಿಶ್ಚಿತ ಸೂತ್ರವೇ ಇಲ್ಲ. ಕ್ಯಾಲ್ಸಿಯಂ ಇಷ್ಟು, ಸಿಲಿಕಾನ್ ಇಷ್ಟು ಎಂಬ ಅನುಪಾತ ಜಾಗದಿಂದ ಜಾಗಕ್ಕೆ ಬದಲಾಗುತ್ತದೆ. ಪುಸ್ತಕದ ಪ್ರಶ್ನೆಗೆ ಒಗ್ಗುವ ಹಾಗೆ ಪೂರ್ಣಾಂಕ ಹಾಕಿ ಮುಗಿಸಲು ಬಾರದ ಕ್ರಿಯೆಯೊಂದು ನಮ್ಮ ಜಿಲ್ಲೆಯ ಅತಿ ದೊಡ್ಡ ನೀರನ್ನು ಹಿಡಿದು ನಿಲ್ಲಿಸಿದೆ.

ಇವತ್ತು ನಾನು ಮುಖ್ಯವಾಗಿ ಹೇಳಬಯಸುವುದು ಇದನ್ನೇ. ಸರಿದೂಗದ ಸಮೀಕರಣ ಖಂಡಿತ ತಪ್ಪು. ಆದರೆ ಸರಿದೂಗಿದ್ದೆಲ್ಲ ನಿಜ ಎಂದಲ್ಲ. ಮಕ್ಕಳಿಗೆ ಮೊದಲನೆಯದನ್ನು ಮಾತ್ರ ಕಲಿಸಿ ಎರಡನೆಯದನ್ನು ಬಿಟ್ಟರೆ ಅರ್ಧ ರಸಾಯನವಿಜ್ಞಾನ ಕಲಿಸಿದ ಹಾಗೆ. ಮದ್ದಿನ ಸಮೀಕರಣವೂ ಹೀಗೆಯೇ. 1870ರ ದಶಕದಲ್ಲಿ ಇಂಗ್ಲೆಂಡಿನ ನೋಬಲ್ ಮತ್ತು ಏಬೆಲ್ ಭದ್ರವಾದ ಉಕ್ಕಿನ ಪಾತ್ರೆಯೊಳಗೆ ಸಿಡಿಮದ್ದು ಸುಟ್ಟು, ಒಳಗೆ ಉಳಿದದ್ದನ್ನು ಪರೀಕ್ಷಿಸಿದರು. ಪೊಟ್ಯಾಸಿಯಂ ಕಾರ್ಬೊನೇಟ್, ಪೊಟ್ಯಾಸಿಯಂ ಸಲ್ಫೇಟ್ ಹೇರಳವಾಗಿ ಸಿಕ್ಕವು. ನಾನು ಮೊದಲು ಹೇಳಿದ ಸಾಲಿನಲ್ಲಿ ಅವೆರಡೂ ಇಲ್ಲ. ಆ ಸಾಲು ಮದ್ದಿನ ಪ್ರಮಾಣವನ್ನು ಹೆಚ್ಚುಕಡಿಮೆ ಸರಿಯಾಗಿ ಹೇಳಿತು, ಹೊಗೆಯ ಪೂರ್ತಿ ಕಥೆಯನ್ನು ಹೇಳಲಿಲ್ಲ.

ಮತ್ತೋಡನ್ನು ಬಿಟ್ಟು ಹೋಗಲು ಮನಸ್ಸಿಲ್ಲ, ಒಂದೆರಡು ಮಾತು. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಹೊಸದುರ್ಗದ ಕಡೆಯ ಮತ್ತೋಡಿನಲ್ಲಿ ಬಳೆಯ ಗಾಜು ಮಾಡುವುದನ್ನು ಬರೆದಿಟ್ಟಿದ್ದಾರೆ. ಸವುಳು ಮಣ್ಣಿನ ಸೋಡಾ, ಬೆಣಚುಕಲ್ಲಿನ ಪುಡಿ, ಬಣ್ಣಕ್ಕೆ ಲೋಹದ ಪುಡಿ. ಸೋಡಾ ಮತ್ತು ಸಿಲಿಕಾ ಕೂಡಿ ಸೋಡಿಯಂ ಸಿಲಿಕೇಟ್ ಆದಾಗ ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ, ಕರಗಿದ ಗಾಜು ಗುಳ್ಳೆ ಏಳುವುದು ಅದಕ್ಕೇ. ಹೊಸದುರ್ಗದ ಶಾಲೆಗಳಲ್ಲಿ ಈ ಸಮೀಕರಣವನ್ನು ಬಳೆ ಹಿಡಿದೇ ಹೇಳಿಕೊಡಬಹುದು.

ಪಿಯುಸಿ ವಿದ್ಯಾರ್ಥಿಗಳಿಗೆ ಸ್ವಲ್ಪ ಗಟ್ಟಿ ತುತ್ತು. ಹೊಸದುರ್ಗ, ಹೊಳಲ್ಕೆರೆ ಸೀಮೆಯ ಮ್ಯಾಂಗನೀಸ್ ನಿಮ್ಮ ಪ್ರಯೋಗಾಲಯಕ್ಕೆ ಬರುವುದು ಪರ್ಮ್ಯಾಂಗನೇಟ್ ಎಂಬ ನೇರಳೆ ದ್ರಾವಣದ ವೇಷದಲ್ಲಿ. ಹಿಂದೆ ಬಾವಿಗೆ ಹಾಕುತ್ತಿದ್ದ ಔಷಧಿ ಅದೇ. ಇದಕ್ಕೆ ಗಂಧಕಾಮ್ಲ ಸೇರಿಸಿ, ಆ ಹುಡುಗ ನೀರಿನ ಬದಲು ಬರೆದನಲ್ಲ, ಆ ಹೈಡ್ರೋಜನ್ ಪೆರಾಕ್ಸೈಡನ್ನು ಬಿಡಿ. ನೇರಳೆ ಬಣ್ಣ ಮಾಯವಾಗಿ ಆಕ್ಸಿಜನ್ ಗುಳ್ಳೆ ಏಳುತ್ತದೆ. ಪುಸ್ತಕದ ಲೆಕ್ಕ ಇದು: ಎರಡು ಪರ್ಮ್ಯಾಂಗನೇಟ್, ಐದು ಪೆರಾಕ್ಸೈಡ್, ಮೂರು ಗಂಧಕಾಮ್ಲ, ಬಲಕ್ಕೆ ಒಂದು ಪೊಟ್ಯಾಸಿಯಂ ಸಲ್ಫೇಟ್, ಎರಡು ಮ್ಯಾಂಗನೀಸ್ ಸಲ್ಫೇಟ್, ಐದು ಆಕ್ಸಿಜನ್, ಎಂಟು ನೀರು. ಎಣಿಸಿ, ಆಕ್ಸಿಜನ್ ಎರಡೂ ಕಡೆ 30. ಈಗ ಐದರ ಜಾಗದಲ್ಲಿ ಒಂದೇ ಪೆರಾಕ್ಸೈಡ್ ಹಾಕಿ, ಬಲಗಡೆ ಮೂರು ಆಕ್ಸಿಜನ್, ನಾಲ್ಕು ನೀರು ಬರೆಯಿರಿ. ಮಿಕ್ಕದ್ದು ಹಾಗೇ ಇರಲಿ. ಮತ್ತೆ ಎಣಿಸಿ. ಆಕ್ಸಿಜನ್ ಎರಡೂ ಕಡೆ 22. ಹೈಡ್ರೋಜನ್ ಎಂಟಕ್ಕೆ ಎಂಟು. ಇದೂ ಕೂಡಿತು! ಮೂರು ಪೆರಾಕ್ಸೈಡ್ ಹಾಕಿದರೂ ಕೂಡುತ್ತದೆ, ಮನೆಯಲ್ಲಿ ಮಾಡಿ ನೋಡಿ. ಹಾಗಾದರೆ ಯಾವುದು ಸತ್ಯ? ಪರಮಾಣು ಎಣಿಕೆ ಇಲ್ಲಿ ಬಾಯಿ ಬಿಡುವುದಿಲ್ಲ. ಇನ್ನೊಂದು ಎಣಿಕೆ ಬೇಕು. ಒಂದೊಂದು ಮ್ಯಾಂಗನೀಸ್ ಐದು ಎಲೆಕ್ಟ್ರಾನ್ ತೆಗೆದುಕೊಳ್ಳುತ್ತದೆ, ಒಂದೊಂದು ಪೆರಾಕ್ಸೈಡ್ ಎರಡು ಕೊಡುತ್ತದೆ. ಎರಡೈದಲಿ ಹತ್ತು, ಐದೆರಡಲಿ ಹತ್ತು. ಎರಡಕ್ಕೆ ಐದು ಎಂಬ ಲೆಕ್ಕ ಮಾತ್ರ ಇಲ್ಲಿ ನಿಲ್ಲುತ್ತದೆ. ಇದನ್ನೂ ನಂಬಬೇಡಿ ಎಂದು ಹೇಳುತ್ತೇನೆ. ಬ್ಯುರೆಟ್ ಹಿಡಿದು ಹನಿ ಹನಿ ಬಿಟ್ಟು ಅಳೆಯಿರಿ. ಅಳತೆಯೂ ಎರಡಕ್ಕೆ ಐದನ್ನೇ ಕೊಟ್ಟಾಗ ನಂಬಿ.

ನಮ್ಮ ಜಿಲ್ಲೆಯ ಇಂಗಳದಾಳಿನ ತಾಮ್ರದಿಂದ ಎರಡು ಪಾಠ ಇವೆ. ಒಂದು ಚಿಕ್ಕದು. ಸತುವಿಗೆ ಹೈಡ್ರೋಕ್ಲೋರಿಕ್ ಆಮ್ಲ ಹಾಕಿದರೆ ಹೈಡ್ರೋಜನ್ ಬರುತ್ತದೆ. ಅದೇ ಅಚ್ಚಿನಲ್ಲಿ ಮಕ್ಕಳು ತಾಮ್ರಕ್ಕೂ ಬರೆದುಬಿಡುತ್ತಾರೆ: ಒಂದು ತಾಮ್ರ, ಎರಡು ಆಮ್ಲ, ಒಂದು ತಾಮ್ರದ ಕ್ಲೋರೈಡ್, ಒಂದು ಹೈಡ್ರೋಜನ್. ಸರಿದೂಗಿದೆ, ಚೊಕ್ಕವಾಗಿದೆ. ಆದರೆ ಪ್ರನಾಳದಲ್ಲಿ ತಾಮ್ರದ ತಂತಿ ಹಾಕಿ ಆ ಆಮ್ಲ ಹೊಯ್ದು ಕೂತರೆ ಒಂದು ಗುಳ್ಳೆಯೂ ಬರುವುದಿಲ್ಲ. ಆ ಕ್ರಿಯೆ ನಡೆಯುವುದೇ ಇಲ್ಲ. ಕಾಗದ ಒಪ್ಪಿದ್ದನ್ನು ಪ್ರನಾಳ ಒಪ್ಪಲಿಲ್ಲ. ಎಲ್ಲ ಪ್ರೌಢಶಾಲೆಗಳಲ್ಲೂ, ಏನೂ ಆಗದ ಈ ಪ್ರಯೋಗವನ್ನು ಮಾಡಿ ತೋರಿಸಬೇಕು.

ಎರಡನೆಯದು ದೊಡ್ಡದು. ಇಂಗಳದಾಳಿನ ಅದಿರಿನ ತಾಮ್ರ ಬಹುಪಾಲು ಇರುವುದು ಚಾಲ್ಕೋಪೈರೈಟ್ ಎಂಬ ಹಳದಿ ಹೊಳಪಿನ ಖನಿಜದಲ್ಲಿ. ಒಂದು ತಾಮ್ರ, ಒಂದು ಕಬ್ಬಿಣ, ಎರಡು ಗಂಧಕ. ಅದನ್ನು ಕರಗಿಸಿ ತಾಮ್ರ ತೆಗೆಯುವ ಕೆಲಸ ಎಲ್ಲಿಯೇ ನಡೆಯಲಿ, ಒಟ್ಟಾರೆ ಲೆಕ್ಕ ಹೀಗೆ: ಎರಡು ಖನಿಜ, ಐದು ಆಕ್ಸಿಜನ್, ಬಲಕ್ಕೆ ಎರಡು ತಾಮ್ರ, ಎರಡು ಕಬ್ಬಿಣದ ಆಕ್ಸೈಡ್, ನಾಲ್ಕು ಗಂಧಕದ ಡೈಆಕ್ಸೈಡ್. ತೂಕಕ್ಕೆ ಇಳಿಸಿ. ಶುದ್ಧ ಖನಿಜ 367 ಕೆ.ಜಿ.ಯಿಂದ ತಾಮ್ರ 127 ಕೆ.ಜಿ., ಗಂಧಕದ ಡೈಆಕ್ಸೈಡ್ 256 ಕೆ.ಜಿ. ಹಂಡೆ, ತಂತಿ, ಬಿಂದಿಗೆಯಾಗಿ ನಮ್ಮ ಮನೆಗೆ ಬರುವ ತಾಮ್ರದ ಎರಡರಷ್ಟು ತೂಕದ ಉಸಿರುಗಟ್ಟಿಸುವ ಅನಿಲವೂ ಜೊತೆಗೆ ಹುಟ್ಟುತ್ತದೆ. ಅದನ್ನು ಹಿಡಿದು ಗಂಧಕಾಮ್ಲ ಮಾಡಬಹುದು, ಇಲ್ಲವೇ ಯಾರದೋ ಹೊಲದ ಮೇಲೆ ಬಿಡಬಹುದು. ಮಾಯವಾಗಿಸಲು ಮಾತ್ರ ಬಾರದು, ಏಕೆಂದರೆ ಬಲಗಡೆ ಆ ನಾಲ್ಕನ್ನು ಬರೆಯದೆ ಸಮೀಕರಣ ಕೂಡುವುದೇ ಇಲ್ಲ. ಯಾವ ಕೈಗಾರಿಕೆಯ ಮಾತು ಬಂದರೂ ಬಲಗಡೆ ಇನ್ನೇನು ಹೊರಬರುತ್ತದೆ ಎಂದು ಕೇಳುವ ಅಭ್ಯಾಸ ಹದಿನೈದನೇ ವಯಸ್ಸಿಗೇ ಬಿದ್ದರೆ, ಗಣಿಗಳಿರುವ ನಮ್ಮಂಥ ಜಿಲ್ಲೆಗೆ ಅದು ಸಣ್ಣ ಲಾಭವಲ್ಲ.

ಭಾಷೆಯ ವಿಷಯಕ್ಕೆ ಹೆಚ್ಚು ಹೊತ್ತು ತೆಗೆದುಕೊಳ್ಳುವುದಿಲ್ಲ. ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲಿ ಓದಿದ ಮಗು ಪಿಯುಸಿಗೆ ಹೋದ ದಿನವೇ ವಿಜ್ಞಾನವನ್ನು ಇಂಗ್ಲಿಷಿನಲ್ಲಿ ಕೇಳುತ್ತದೆ. ಎಲ್ಲ ಪದಗಳೂ ಬದಲಾಗುತ್ತವೆ. ಬದಲಾಗದೆ ಅದರ ಜೊತೆ ಹೊಸಿಲು ದಾಟುವುದು ಸೂತ್ರ ಮತ್ತು ಸಮೀಕರಣ ಮಾತ್ರ. ಅದನ್ನು ಕನ್ನಡದಲ್ಲಿ ಅರ್ಥ ಮಾಡಿಕೊಂಡು ಹೋದ ಮಕ್ಕಳು ಅಲ್ಲಿ ಕಂಗಾಲಾಗುವುದಿಲ್ಲ, ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕನ್ನಡದಲ್ಲಿ ಇದನ್ನೆಲ್ಲ ಹೇಳಬಹುದೇ ಎಂಬ ಅನುಮಾನವನ್ನು ತೀರಿಸಿದವರು ನಮ್ಮವರೇ. 1921ರಲ್ಲಿ, ಆಗ ಚಿತ್ರದುರ್ಗ ಜಿಲ್ಲೆಗೇ ಸೇರಿದ್ದ ಜಗಳೂರಿನಲ್ಲಿ ಹುಟ್ಟಿದ ಜೆ.ಆರ್. ಲಕ್ಷ್ಮಣರಾವ್ ರಸಾಯನವಿಜ್ಞಾನದ ಪ್ರಾಧ್ಯಾಪಕರಾಗಿದ್ದವರು. 'ಪರಮಾಣು ಚರಿತ್ರೆ' ಬರೆದರು, 1978ರಲ್ಲಿ ಶುರುವಾದ 'ಬಾಲವಿಜ್ಞಾನ'ದ ಸಂಪಾದಕರಾಗಿ ಹಳ್ಳಿಯ ಮಕ್ಕಳ ಕೈಗೆ ವಿಜ್ಞಾನ ಕೊಟ್ಟರು. ಅವರ ಪುಸ್ತಕಗಳು ನಮ್ಮ ಶಾಲೆಗಳ ಗ್ರಂಥಾಲಯದಲ್ಲಿ ಬೀರುವಿನೊಳಗಿಂದ ಹೊರಗೆ ಬರಬೇಕು.

ಕೊನೆಯದಾಗಿ ನೀರಿನ ಮಾತು. ನಮ್ಮದು ಫ್ಲೋರೈಡ್ ಇರುವ ಜಿಲ್ಲೆ. ಕಂದುಗೆರೆ ಬಿದ್ದ ಹಲ್ಲುಗಳನ್ನು ಈ ಸಭೆಯಲ್ಲೇ ಹಲವರು ಮುಚ್ಚಿಕೊಂಡು ನಗುತ್ತಾರೆ. ಹಲ್ಲು ಮತ್ತು ಮೂಳೆಯ ಮುಖ್ಯ ಖನಿಜದಲ್ಲಿ ಐದು ಕ್ಯಾಲ್ಸಿಯಂ, ಮೂರು ಫಾಸ್ಫೇಟ್, ಒಂದು ಹೈಡ್ರಾಕ್ಸೈಡ್. ನೀರಿನ ಫ್ಲೋರೈಡ್ ಬಂದು ಆ ಹೈಡ್ರಾಕ್ಸೈಡನ್ನು ಎಬ್ಬಿಸಿ ತಾನು ಕೂರುತ್ತದೆ. ಎಡಕ್ಕೆ ಒಂದು ಋಣಾವೇಶ, ಬಲಕ್ಕೆ ಒಂದು ಋಣಾವೇಶ. ಎಲ್ಲದರ ಮುಂದೆ ಒಂದೇ. ಇವತ್ತು ಹೇಳಿದವುಗಳಲ್ಲೆಲ್ಲ ಸರಿದೂಗಿಸಲು ಅತಿ ಸುಲಭದ ಸಮೀಕರಣ. ಆದರೆ ಇದೇ ಕ್ರಿಯೆ ಸ್ವಲ್ಪ ನಡೆದರೆ ಹಲ್ಲು ಗಟ್ಟಿಯಾಗುತ್ತದೆ. ಫ್ಲೋರೈಡ್ ಮಿತಿ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲಿಗೆ ಕಲೆ, ಮೂಳೆ ಕೀಲುಗಳಿಗೆ ಕುತ್ತು. ಎಷ್ಟು ಸ್ವಲ್ಪ, ಎಷ್ಟು ಮಿತಿ ಎಂಬುದನ್ನು ಸಮೀಕರಣ ಹೇಳುವುದಿಲ್ಲ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಒಂದು ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇರಬಹುದು. ಬೇರೆ ನೀರೇ ಇಲ್ಲದ ಕಡೆ 1.5 ಮಿಲಿಗ್ರಾಂವರೆಗೆ. ನಿಮ್ಮೂರ ಬೋರ್‌ವೆಲ್ಲಿನಲ್ಲಿ ಎಷ್ಟಿದೆ ಎಂಬುದು ಅಳೆದರೆ ಮಾತ್ರ ತಿಳಿಯುವುದು.

ನಮ್ಮ ಜಿಲ್ಲೆಯ ಪದವಿ ಕಾಲೇಜುಗಳ ರಸಾಯನವಿಜ್ಞಾನ ವಿಭಾಗದವರು ಇಲ್ಲಿದ್ದೀರಿ. ದತ್ತಿ ದಾನಿಗಳು ನನಗೆ ಕೊಡಲು ತಂದಿರುವ ಗೌರವಧನವನ್ನು ಫ್ಲೋರೈಡ್ ಪರೀಕ್ಷೆಯ ಕಿಟ್ಟುಗಳಿಗೆ ಹಾಕಿ, ಪ್ರೌಢಶಾಲೆಗಳಿಗೆ ಹಂಚಲು ಒಪ್ಪಿದ್ದಾರೆ. ಕಿಟ್ಟು ಬಂದ ಮೇಲೆ ಪ್ರತಿ ಮಗುವೂ ತನ್ನ ಮನೆಯ ನೀರನ್ನು ಒಂದು ಬಾಟಲಿಯಲ್ಲಿ ತರಲಿ. ಬಣ್ಣ ನೋಡಿ ಓದಿದ ಅಂಕಿಯನ್ನು ಊರಿನ ಹೆಸರು, ಬೋರ್‌ವೆಲ್ಲಿನ ಜಾಗ, ತಾರೀಖಿನ ಜೊತೆ ಬರೆದಿಡಲಿ. ಅನುಮಾನ ಬಂದ ನೀರನ್ನು ಕಾಲೇಜಿನವರು ಮತ್ತೊಮ್ಮೆ ನಿಖರವಾಗಿ ಅಳೆಯಲಿ. ಅಂಕಿ 1.5 ದಾಟಿದ ಊರುಗಳ ಪಟ್ಟಿಯನ್ನು ಮುಖ್ಯೋಪಾಧ್ಯಾಯರು ಗ್ರಾಮ ಪಂಚಾಯಿತಿಗೂ ತಾಲ್ಲೂಕು ಆರೋಗ್ಯಾಧಿಕಾರಿಗೂ ಕೊಟ್ಟು ಸ್ವೀಕೃತಿ ಪಡೆಯಲಿ.